ಕುರಿ ಎಣಿಸಿದ ನಿಮ್ಮ ಮಗ

ಪ್ರೀತಿಯ ಅತ್ತೆ,

ಕಣ್ಣು ಹೋದಂದಿನಿಂದ ಹೊಸಿಲು ದಾಟದಿದ್ದ ನಿಮ್ಮ ಮಗ ಇವತ್ತು ಜೋಡಿ ಸೈಕಲ್ಲಿನಲ್ಲಿ ನನ್ನ ಹಿಂದೆ ಕೂತು ಹದಿನೆಂಟು ಮೈಲಿ ತುಳಿದರು. ನಾವು ಬಂದಿರುವ ಈ ಕಾಟ್ಸ್‌ವೋಲ್ಡ್ಸ್ ಗುಡ್ಡನಾಡು ನಮ್ಮ ನಾರ್ಫೋಕ್‌ನಂತೆ ಸಪಾಟಲ್ಲ. ಬರೀ ಏರು, ಇಳಿಜಾರು. ಹಳೇ ಚರ್ಚಿನ ತಿರುವಿನಲ್ಲಿ ಕುರಿಮಂದೆ ಅಡ್ಡ ಬಂತು. ಸೈಕಲ್ ನಿಲ್ಲಿಸಿದೆ. ಅವರು ಕೈ ಚಾಚಿ, ಹಾದುಹೋದ ಒಂದೊಂದು ಬೆನ್ನನ್ನೂ ಮುಟ್ಟಿ ಎಣಿಸಿದರು.

"ಮೂವತ್ತೊಂದು ಕಣಯ್ಯಾ!" ಎಂದರು ಕುರಿಗಾಹಿಗೆ.

"ಮೂವತ್ತೆರಡು ಇರ್ಬೇಕಲ್ಲ ಸಾರ್!" ಎಂದು ಅವನು ಗಾಬರಿಯಿಂದ ಹಿಂದಕ್ಕೆ ಓಡಿದ. ಬೇಲಿಗೆ ಸಿಕ್ಕಿಕೊಂಡಿದ್ದ ಮರಿಯನ್ನು ಬಿಡಿಸಿ ತಂದು ಇವರ ತೋಳಿಗೇ ಕೊಟ್ಟ. ವರ್ಷದ ಮೇಲೆ ಇವರು ನಕ್ಕಿದ್ದು ಇವತ್ತೇ.

ನನ್ನ ಮಂಡಿ ಊದಿದೆ, ಮುಲಾಮು ಹಚ್ಚಿದ್ದೇನೆ. ಅಂಚೆಯವನು ಬಂದ, ಕಾಗದ ಮುಗಿಸಬೇಕು. "ಭಾನುವಾರ ಊರಿಗೆ ಬರಲ್ಲ, ಇನ್ನೊಂದು ವಾರ ತುಳೀತೀವಿ ಅಂತ ಅಮ್ಮನಿಗೆ ಬರಿಯೇ," ಅಂತ ನಿಮ್ಮ ಮಗ ಹೇಳ್ತಿದ್ದಾರೆ.

ನಿಮ್ಮ ಸೊಸೆ,
ರೊವೀನಾ