ಇಡೀ ಕೇರಿಗೆ ಒಂದೇ ಒಲೆ

ಫೆಜ್, ಹಳೇ ಊರು
ಜನವರಿ ೨೦

ಬತೂಲಳ ಅಪ್ಪನಿಗೆ, ತೌರಿಯಾಳ ಪ್ರೀತಿಯ ಸಲಾಮು.

ಹೇಗಿದ್ದೀರಿ? ಕೆಮ್ಮು ನಿಂತಿತೇ? ಆ ಸ್ಪೇನಿನಲ್ಲಿ ದಿನವಿಡೀ ಪ್ಲಾಸ್ಟಿಕ್ ಚಪ್ಪರದೊಳಗೆ ಟೊಮೆಟೊ ಕೀಳುತ್ತಾ ಬೆವರಿ, ಸಂಜೆ ಚಳಿಗಾಳಿಗೆ ಹೊರಬಂದರೆ ಕೆಮ್ಮದೆ ಇನ್ನೇನು ಮಾಡೀರಿ? ಅತ್ತೆ ಕಟ್ಟಿಕೊಟ್ಟ ಸೊಪ್ಪನ್ನು ಕುದಿಸಿ ಕುಡಿಯಿರಿ. ಗಂಟು ಬಿಚ್ಚದೆ ಇಟ್ಟಿರುತ್ತೀರಿ, ನನಗೆ ಗೊತ್ತು. ಅತ್ತೆಯ ಮಂಡಿನೋವು ಹಾಗೇ ಇದೆ, ಬಾಯಿ ಮಾತ್ರ ದಿನೇದಿನೇ ಚುರುಕಾಗುತ್ತಿದೆ.

ಬತೂಲಳ ಶಾಲೆಯಲ್ಲಿ ಈಗ ಹೊಸ ಪಾಠ. ಮನೆಯಿಂದ ಎಷ್ಟು ಕಸ ಹೊರಗೆ ಹೋಗುತ್ತದೆ, ಎಷ್ಟು ಇಂಧನ ಸುಡುತ್ತೇವೆ, ಅದನ್ನು ತಗ್ಗಿಸುವುದು ಹೇಗೆ ಎಂದು ನೋಡಿಕೊಂಡು ಬರಬೇಕಂತೆ. ನಿಮ್ಮ ಮಗಳಿಗೆ ಇಂಥ ಕೆಲಸ ಕೊಟ್ಟರೆ ಕೇಳಬೇಕೆ, ಕಸದ ಚೀಲವನ್ನು ಅಂಗಳದ ನಡುವೆ ಸುರಿದುಕೊಂಡು ಕೂತಳು. ಮೊಸರಿನ ಡಬ್ಬಿ, ನೀರಿನ ಬಾಟಲಿ, ಅಂಗಡಿ ಬಿಸ್ಕತ್ತಿನ ಕವರು. "ಅಜ್ಜಿ, ನಿನ್ ಕಾಲದಲ್ಲಿ ಏನೇನು ಎಸೀತಿದ್ರಿ?" ಎಂದು ಕೇಳಿದಳು. ಅತ್ತೆ, "ಎಸಿಯೋಕೆ ಏನಿತ್ತೇ?" ಎಂದರು. ನಿಜವೇ. ಎಣ್ಣೆ ಡಬ್ಬದಲ್ಲಿ ಪುದೀನ ಬೆಳೆಯುತ್ತಿತ್ತು, ಹಿಟ್ಟಿನ ಚೀಲ ದಿಂಬಾಗುತ್ತಿತ್ತು, ಕಲ್ಲಂಗಡಿ ಸಿಪ್ಪೆ ಕತ್ತೆಯ ಪಾಲು. ಒಣಗಿದ ರೊಟ್ಟಿಗೆ ದೇವರು ಕೊಟ್ಟ ಅನ್ನವೆಂದು ಮುತ್ತಿಟ್ಟು, ಬೇರೆಯೇ ಚೀಲದಲ್ಲಿ ಹೊರಗೋಡೆಯ ಮೊಳೆಗೆ ನೇತುಹಾಕಿದರೆ ಕುರಿ ಸಾಕುವವನು ಒಯ್ಯುತ್ತಿದ್ದ. ಬೆಂಕಿಯೂ ಅಷ್ಟೇ, ಇಡೀ ಕೇರಿಗೆ ಒಂದೇ. ಮಿಮೂನಜ್ಜನ ಒಲೆಯಲ್ಲಿ ಎಲ್ಲ ಮನೆಯ ರೊಟ್ಟಿಯೂ ಬೇಯುತ್ತಿತ್ತು. ಉರಿಸುವುದಕ್ಕೆ ಬಡಗಿಗಳ ಮರದ ಹೊಟ್ಟು, ಗಾಣದವರು ಬಿಟ್ಟ ಆಲಿವ್ ಬೀಜ. ಎಲ್ಲ ಕೇಳಿಸಿಕೊಂಡ ಬತೂಲ್ ನನ್ನ ಕಡೆ ತಿರುಗಿ, "ಮತ್ತೆ ಯಾಕಮ್ಮಾ ಬಿಟ್ರಿ?" ಎಂದಳು.

ಬೇಜಾರು ಮಾಡಿಕೊಳ್ಳಬೇಡಿ. ನೀವು ಕಳಿಸಿದ ಗ್ಯಾಸ್ ಓವನ್ ಚೆನ್ನಾಗಿಯೇ ಇದೆ, ಕನ್ನಡಿಯ ಹಾಗೆ ಹೊಳೆಯುತ್ತದೆ. ಆದರೆ ನಮ್ಮದನ್ನು ನೋಡಿ ಪಕ್ಕದ ಮನೆಯ ಫದೀಲಕ್ಕ ತಂದಳು, ಅವಳದನ್ನು ನೋಡಿ ಎದುರು ಮನೆಯವರು ತಂದರು. ಈಗ ಮನೆಮನೆಯಲ್ಲೂ ಒಂದೊಂದು ಬೆಂಕಿ, ಕೇರಿಯ ಒಲೆಯ ಮುಂದೆ ನರಪಿಳ್ಳೆಯಿಲ್ಲ. ಮೊನ್ನೆ ಫದೀಲಕ್ಕ ನನ್ನ ರೊಟ್ಟಿ ಮುರಿದು ನೋಡಿ, "ಏನೇ ತೌರಿಯಾ, ಇದನ್ನ ತಿನ್ನೋದೋ, ಇದ್ರ ಮೇಲೆ ಬಟ್ಟೆ ಒಗೆಯೋದೋ?" ಎಂದಳು. ಅವಳ ರೊಟ್ಟಿ ನನ್ನದಕ್ಕಿಂತ ಕಡೆ, ಅದು ಬೇರೆ ಮಾತು.

ಆ ಒಲೆ ಎಂದರೆ ನನಗೆ ನೀವೇ. ಮಿಮೂನಜ್ಜನ ಕೈಕೆಳಗೆ, ಅಂಗಿಯ ತೋಳು ಮಡಿಸಿಕೊಂಡು, ಮುಖವೆಲ್ಲ ಕೆಂಪಾಗಿ, ಉದ್ದ ಹಿಡಿಯ ಹಲಗೆಯಲ್ಲಿ ರೊಟ್ಟಿ ತೆಗೆಯುತ್ತಿದ್ದಿರಿ. ನನ್ನ ತವರುಮನೆಯ ರೊಟ್ಟಿಗೆ ಗುರುತು ಮೂರು ಬೆರಳಿನ ಒತ್ತು, ಪಕ್ಕದವರದಕ್ಕೆ ಬೀಗದ ಕೈಯ ಗುರುತು. ಕೇರಿಯ ಗುರುತೆಲ್ಲ ಬಾಯಿಪಾಠವಾಗಿದ್ದ ನಿಮಗೆ ನಮ್ಮ ಮನೆಯದು ಮಾತ್ರ ಅದು ಹೇಗೋ ಮರೆತುಹೋಗುತ್ತಿತ್ತು. ಬೇರೆಯವರ ರೊಟ್ಟಿ ಹೊತ್ತು ಮನೆಗೆ ಹೋಗಿ, ಬೈಸಿಕೊಂಡು, ನಾನು ಮತ್ತೆ ಒಲೆಯ ಹತ್ತಿರ ಬರಬೇಕು. "ಆ ಹುಡುಗನಿಗೆ ಕಣ್ಣು ಕಾಣ್ಸಲ್ವೇನೇ?" ಎಂದು ನಮ್ಮಪ್ಪ ರೇಗಿದರೆ, ನಮ್ಮಜ್ಜಿ ಒಳಗಿನಿಂದಲೇ, "ಚೆನ್ನಾಗಿ ಕಾಣ್ಸತ್ತೆ, ಅದಕ್ಕೇ ಹೀಗೆ" ಎನ್ನುತ್ತಿದ್ದಳು. ಮದುವೆಯಾಯಿತು, ಬತೂಲ್ ಹುಟ್ಟಿದಳು. ಒಂದು ಒಲೆಯಿಂದ ಮಿಮೂನಜ್ಜನದೂ ನಮ್ಮದೂ ಎರಡು ಸಂಸಾರ ನಡೆಯುವುದಿಲ್ಲ ಎಂದು ನೀವು ಹೊರಟಿರಿ. ಈಗಲೂ ಸುಟ್ಟ ಹಿಟ್ಟಿನ ವಾಸನೆ ಬಂದರೆ ನನಗೆ ಅಳು ಬರುತ್ತದೆ.

ಈಗ ಮಿಮೂನಜ್ಜನಿಗೆ ಭುಜ ಏಳುತ್ತಿಲ್ಲ, ಒಲೆ ಬಿಡುತ್ತಾನಂತೆ. ಮಕ್ಕಳಿಬ್ಬರೂ ಹೋಟೆಲು ಸೇರಿದ್ದಾರೆ. ಮಾಲೀಕ ಆ ಜಾಗವನ್ನು ಪ್ರವಾಸಿಗರಿಗೆ ಬಾಟಲಿ ನೀರು, ಗೊಂಬೆ ಮಾರುವವನಿಗೆ ಕೊಡುವ ಯೋಚನೆಯಲ್ಲಿದ್ದಾನೆ. ಇದು ಕಿವಿಗೆ ಬಿದ್ದದ್ದೇ ಕೇರಿಯ ಹೆಂಗಸರೆಲ್ಲ ಒಲೆಯ ಮುಂದೆ ಸೇರಿದೆವು. ರಂಜಾನ್ ಹತ್ತಿರ ಬಂತು, ಸಿಹಿತಿಂಡಿಗೆ ಬಾದಾಮಿ ಎಲ್ಲಿ ಹುರಿಸೋಣ ಎಂದು ಒಬ್ಬಳು ಅತ್ತೇಬಿಟ್ಟಳು. ಇನ್ನು ಮೇಲೆ ಎಲ್ಲರ ರೊಟ್ಟಿಯೂ ಇಲ್ಲಿಗೇ ಬರಬೇಕು ಎಂದು ಮಾತಾಯಿತು. ಫದೀಲಕ್ಕ ತನ್ನ ಓವನ್ನಿನಲ್ಲಿ ಚಪ್ಪಲಿ ಇಡುತ್ತಾಳಂತೆ. ಮಾಲೀಕನೂ ಒಪ್ಪಿದ, ಆದರೆ ಒಲೆ ನಡೆಸುವವನ ಹೆಸರನ್ನು ಈ ಶುಕ್ರವಾರದೊಳಗೆ ಹೇಳಬೇಕಂತೆ. ಹೇಳದಿದ್ದರೆ ಬೀಗ.

ಅತ್ತೆ ನಿಮಗೆ ಆಶೀರ್ವಾದ ಹೇಳಿದ್ದಾರೆ, ಬತೂಲಳಿಂದ ಮುತ್ತು. ದೇವರು ನಿಮ್ಮನ್ನು ಕಾಯಲಿ.

ನಿಮ್ಮ
ತೌರಿಯಾ

ಇನ್ನೊಂದು ಮಾತು: ಕಾಗದ ಮಡಿಸುವಷ್ಟರಲ್ಲಿ, ಶುಕ್ರವಾರಕ್ಕೂ ಕಾಯದೆ, ಮಾಲೀಕ ಹೆಸರು ಕೇಳಿಕೊಂಡು ನಮ್ಮ ಬಾಗಿಲಿಗೇ ಬಂದ. ಕೇರಿಯವರೂ ಅವನ ಹಿಂದೆಯೇ ಬಂದರು, ಅವರಲ್ಲಿ ಒಲೆಯ ಕೆಲಸ ಬಲ್ಲವರು ಯಾರೂ ಇಲ್ಲ. ನಾನು "ಅಲ್ಲಾಲ್" ಎಂದು ನಿಮ್ಮ ಹೆಸರು ಹೇಳಿಬಿಟ್ಟೆ. ಒಲೆಯಿಂದ ಕೈಗೆ ಬರುವುದು ಕಡಿಮೆ, ಗೊತ್ತು. ನಾನೂ ಹೊಲಿಗೆ ಹಾಕುತ್ತೇನೆ, ಮಾಂಸ ವಾರಕ್ಕೊಮ್ಮೆ ಸಾಕು. ನಿಮ್ಮನ್ನು ಒಂದು ಮಾತು ಕೇಳದೆ ಹೇಳಿದ್ದೇನೆ. ಬೈಯಬೇಕೆಂದರೆ ಬಂದು ಬೈಯಿರಿ.