ಒಂದೇ ಕಂಬಕ್ಕೆ ಎರಡು ಸೀಟು

ಎರಡನೇ ಗಾಳಿಯೆಣಿಕೆಯ ನೂರಾ ಹನ್ನೊಂದನೇ ವರ್ಷ,
ಶ್ರಾವಣದ ನಲವತ್ತೊಂದನೇ ದಿನ
ಕಪ್ಪತಗುಡ್ಡ, ಗದಗ ಸೀಮೆ

ನಮ್ಮ ಹಿರಿಯರಾದ ಸುವರ್ಣಾ ಅವರಿಗೆ ಕಿರಿಯಳಾದ ನಿಂಬೆವ್ವ ಮಾಡುವ ನಮಸ್ಕಾರಗಳು.

ಶ್ರಾವಣಕ್ಕೆ ನಲವತ್ತೊಂದು ದಿನ ಎಲ್ಲಿಂದ ಬಂತು ಎಂದು ಹುಬ್ಬು ಏರಿಸಬೇಡಿ. ನಮ್ಮಲ್ಲಿ ಗಾಳಿ ನಿಲ್ಲುವವರೆಗೂ ಶ್ರಾವಣವೇ. ಒಂದು ವರ್ಷ ಅದು ಎಪ್ಪತ್ತು ದಿನ ನಡೆದು, ಗಣಪತಿ ಪಾಪ ಹೊರಗೆ ಕಾಯುತ್ತ ಕುಳಿತಿದ್ದ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಪದಗಳು ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ. ನೀವು ನನ್ನ ತಾಯಿಯ ಕಡೆಯಿಂದ ಎಂಟು ತಲೆ ಹಿಂದಿನವರು. ಅಜ್ಜಿ ಎಂದು ಕರೆಯೋಣವೆಂದರೆ ನನಗೆ ಅರವತ್ತಾರು, ಚಿತ್ರದಲ್ಲಿ ನೀವು ನನ್ನ ಮಗಳಿಗಿಂತ ಚಿಕ್ಕವರು. ಈ ಕಾಗದ ನಿಮ್ಮನ್ನು ಹೇಗೆ ಮುಟ್ಟುತ್ತದೋ ನನಗೆ ಗೊತ್ತಿಲ್ಲ. ಅಂಚೆಯವರು ಹಿಂದಿನ ಕಾಲಕ್ಕೂ ಒಯ್ಯುತ್ತೇವೆ, ಆದರೆ ಉತ್ತರ ತರುವುದಿಲ್ಲ ಎಂದಿದ್ದಾರೆ. ತರದಿದ್ದರೆ ಬೇಡ, ನನಗೆ ಹೇಳಿಕೊಂಡರೆ ಸಾಕು.

ನಿಮ್ಮದು ಒಂದೇ ಒಂದು ಚಿತ್ರ ನಮ್ಮ ಮನೆಯಲ್ಲಿ ಉಳಿದಿದೆ. ವಿಮಾನದೊಳಗೆ ತೆಗೆದದ್ದು. ಮೂರು ಸೀಟಿನ ಒಂದು ಸಾಲು. ನೀವು, ನಿಮ್ಮ ಯಜಮಾನರು, ನಡುವೆ ಒಬ್ಬ ಹುಡುಗ, ನಿಮ್ಮ ತೊಡೆಯ ಮೇಲೆ ಕೈಕೂಸು. ಯಜಮಾನರು ಬಾಯಿ ತೆರೆದು ನಿದ್ದೆ ಹೋಗಿದ್ದಾರೆ. ನೀವು ಕಾಗದದ ಲೋಟದಿಂದ ಉಪ್ಪಿಟ್ಟು ತಿನ್ನುತ್ತಿದ್ದೀರಿ. ಕೆಳಗೆ ಮುಗಿಲು, ಅದರ ಕೆಳಗೆ ನೆಲ, ನಡುವೆ ಹಿಡಿಯಲು ಒಂದು ಹಗ್ಗವೂ ಇಲ್ಲ. ಇಡೀ ಮನೆತನವನ್ನು ಒಂದೇ ಸಾಲಿನಲ್ಲಿ ಕೂರಿಸಿಕೊಂಡು ಮೇಲೇರಿದ್ದೀರಿ, ಉಪ್ಪಿಟ್ಟಿಗೆ ಉಪ್ಪು ಕಡಿಮೆಯಾಯಿತು ಎಂಬ ಮುಖ ಮಾಡಿಕೊಂಡು! ಮೊದಲ ಸಲ ಈ ಚಿತ್ರ ಕಂಡಾಗ ನನ್ನ ಎದೆ ಝಲ್ ಎಂದಿತ್ತು. ಈಗಲೂ ಎನ್ನುತ್ತದೆ. ಎಂಥ ಗಂಡೆದೆಯವರಿದ್ದಿರಿ ನೀವೆಲ್ಲ.

ಹುಬ್ಬಳ್ಳಿಯಲ್ಲಿ ನಾಷ್ಟಾ ಮಾಡಿ ದಿಲ್ಲಿಯಲ್ಲಿ ಮಧ್ಯಾಹ್ನದ ಊಟ ಮಾಡುತ್ತಿದ್ದಿರಂತೆ. ನಾವು ಅಷ್ಟು ಅವಸರದವರಲ್ಲ. ನಮ್ಮದು ತೇಲುಗೂಡು. ದೊಡ್ಡ ಬಟ್ಟೆಯ ಹೊಟ್ಟೆಯಲ್ಲಿ ಹಗುರ ಗಾಳಿ ತುಂಬಿ, ಕೆಳಗೆ ಬಿದಿರಿನ ಓಣಿಯಂಥ ಕೋಣೆ ಕಟ್ಟಿ, ಬಿಸಿಲಿನ ಬಲದಿಂದ ನಡೆಸುತ್ತಾರೆ. ಮಸ್ಕತ್ತಿಗೆ ನಾಲ್ಕು ದಿನ. ಅಷ್ಟರಲ್ಲಿ ಅಪರಿಚಿತರು ಬೀಗರಾಗುತ್ತಾರೆ, ಬೀಗರು ಮಾತು ಬಿಡುತ್ತಾರೆ. ಹೆಂಗಸರು ಕಿಟಕಿಯಲ್ಲಿ ಸಂಡಿಗೆ ಒಣಗಿಸುತ್ತಾರೆ. ಮುಗಿಲೊಳಗೆ ಹೋದಾಗ ಸಂಡಿಗೆ ಮತ್ತೆ ಒದ್ದೆ, ನಡೆಸುವವನಿಗೆ ಬೈಗುಳ. ತೇಲುಗೂಡುಗಳನ್ನು ಊರಿನ ಗಾಳಿಕಂಬಕ್ಕೆ ಕಟ್ಟುತ್ತಾರೆ, ಒಂದು ಕಂಬಕ್ಕೆ ನಾಲ್ಕೈದು. ನಮ್ಮ ಕಪ್ಪತಗುಡ್ಡದ ಮೇಲೆ ಎರಡು ಕಂಬಗಳಿವೆ. ಒಂದು ಮುಗಿಲಬಂಡಿ ಕಂಪನಿಯದು, ಒಂದು ನೀಲಪಥದವರದು. ಎಲ್ಲ ಊರಲ್ಲೂ ಹೀಗೇ ಎರಡು ಕಂಬ, ಎರಡೇ ಕಂಪನಿ.

ಒಂದು ಮನೆಯವರು ಎಂದೂ ಒಂದೇ ಕಂಬ ಹತ್ತುವುದಿಲ್ಲ. ಇದಕ್ಕೆ ನಾವು ಕವಲು ಹೋಗುವುದು ಎನ್ನುತ್ತೇವೆ. ಗಂಡ ಮುಗಿಲಬಂಡಿಯಾದರೆ ಹೆಂಡತಿ ನೀಲಪಥ. ಮಕ್ಕಳನ್ನು ಆ ಕಡೆ ಒಂದು, ಈ ಕಡೆ ಒಂದು ಹಂಚುತ್ತಾರೆ. ಕಾನೂನೇನಲ್ಲ, ಕಾನೂನಾಗಿದ್ದರೆ ಯಾರಾದರೂ ಮುರಿಯುತ್ತಿದ್ದರು. ನನ್ನ ತಾಯಿಗೆ ಐದು ವರ್ಷವಿದ್ದಾಗ ಬಿರುಗಾಳಿಗೆ ಒಂದು ಕಂಬ ಬುಡಸಮೇತ ಎದ್ದು, ಕಟ್ಟಿದ್ದ ನಾಲ್ಕೂ ತೇಲುಗೂಡುಗಳನ್ನು ಎಳೆದುಕೊಂಡು ಹೋಯಿತು. ಅದರಲ್ಲಿ ಅವಳ ಅವ್ವ, ಅಪ್ಪ, ಇಬ್ಬರು ಅಣ್ಣಂದಿರು ಇದ್ದರು. ಅವಳು ಚಿಗವ್ವನ ಜೊತೆಗೇ ಹೋಗುತ್ತೇನೆಂದು ಹಟ ಮಾಡಿ ಇನ್ನೊಂದು ಕಂಬದಲ್ಲಿದ್ದಳು. ಅಂಥ ಮನೆಗಳು ಸೀಮೆಯಲ್ಲಿ ನೂರಾರು. ಕವಲು ಶುರುವಾದದ್ದು ಆಮೇಲೆ. ಆ ಹಟ ಇಲ್ಲದಿದ್ದರೆ ನಾನಿಲ್ಲ, ನಿಮ್ಮ ಬಳ್ಳಿ ಅಲ್ಲಿಗೇ ಮುಗಿಯುತ್ತಿತ್ತು.

ಹಾಗಾಗಿ ನಮ್ಮ ಮನೆಯವರು, ಅಂದಾನೆಪ್ಪ ಎಂದು ಅವರ ಹೆಸರು, ಮತ್ತು ನಾನು ಮದುವೆಯಾದಂದಿನಿಂದ ಆಕಾಶದಲ್ಲಿ ಒಟ್ಟಿಗೆ ಕುಳಿತವರಲ್ಲ. ಅವರು ಒಂದು ದಿನ ಮೊದಲು ಮುಗಿಲಬಂಡಿಯಲ್ಲಿ ಹೋಗುತ್ತಾರೆ, ನಾನು ಮರುದಿನ ನೀಲಪಥದಲ್ಲಿ. ಬರುವಾಗಲೂ ಅವರೇ ಮೊದಲು. ಕೆಲವು ಸಲ ಅವರು ಮುಟ್ಟಿದ ದಿನವೇ ಮರಳುತ್ತಿರುವಾಗ ನಾನು ಇನ್ನೂ ಹೋಗುತ್ತಿರುತ್ತೇನೆ. ಎರಡು ತೇಲುಗೂಡುಗಳು ಎದುರುಬದುರಾದಾಗ ಗಂಟೆ ಹೊಡೆಯುತ್ತಾರೆ, ಎಲ್ಲರೂ ಕಿಟಕಿಗೆ ಓಡುತ್ತಾರೆ. ಆಕಾಶದಲ್ಲಿ ಅಷ್ಟು ದೊಡ್ಡ ಎರಡು ಹೊಟ್ಟೆಗಳು ಸದ್ದಿಲ್ಲದೆ ಒಂದನ್ನೊಂದು ಹಾಯುವುದನ್ನು ನೋಡಿದರೆ ನನಗೆ ಈ ವಯಸ್ಸಿನಲ್ಲೂ ಕಣ್ಣಲ್ಲಿ ನೀರು ಬರುತ್ತದೆ. ಆ ಕಡೆ ನೂರು ಕೈ, ಈ ಕಡೆ ನೂರು ಕೈ ಬೀಸುತ್ತವೆ. ಒಬ್ಬರ ಹೆಸರು ಒಬ್ಬರು ಕೂಗುತ್ತಾರೆ, ಗಾಳಿಗೆ ಏನೂ ಕೇಳಿಸುವುದಿಲ್ಲ. ಆಮೇಲೆ ಎಲ್ಲರೂ ಮೂಗು ಒರೆಸಿಕೊಂಡು ಊಟಕ್ಕೆ ಕೂರುತ್ತೇವೆ.

ಈಗ ಸುದ್ದಿಗೆ ಬರುತ್ತೇನೆ. ಮುಗಿಲಬಂಡಿ ಮತ್ತು ನೀಲಪಥ ಒಂದಾಗುತ್ತವಂತೆ. ಮೊದಲು ಯಾರೋ, ಎರಡೂ ಕಂಪನಿಯ ಹಗ್ಗ ಕಟ್ಟುವ ಆಳುಗಳು ಒಂದೇ ಪಂಕ್ತಿಯಲ್ಲಿ ರೊಟ್ಟಿ ತಿನ್ನುವುದನ್ನು ಕಂಡರು. ಸಂಜೆಗೆ ಅದು ಪೇಟೆ ಮುಟ್ಟಿತು. ಯುಗಾದಿಗೆ ಒಂದು ಕಂಬ ಕೀಳುತ್ತಾರೆ ಎಂದರು ಕೆಲವರು, ದಸರೆಗೇ ಎಂದರು ಹಲವರು. ಎರಡೂ ಕಂಪನಿಯವರು ಅಂಥದ್ದೇನೂ ಇಲ್ಲ ಎಂದು ಡಂಗುರ ಹೊಡೆಸಿದರು. ಡಂಗುರ ಕೇಳಿದ ಮೇಲೆ ಉಳಿದ ನಾಲ್ಕು ಜನಕ್ಕೂ ನಂಬಿಕೆ ಬಂತು.

ನಿಮ್ಮ ಕಾಲದಲ್ಲೂ ಎರಡು ದೊಡ್ಡ ವಿಮಾನ ಸಂಸ್ಥೆಗಳು ಒಂದಾಗುತ್ತವೆ ಎಂಬ ಗುಸುಗುಸು ಏಳುತ್ತಿತ್ತು ಎಂದು ತಿಳಿದವರು ಹೇಳುತ್ತಾರೆ. ಆಗ ಜನ ಟಿಕೆಟ್ಟಿನ ದರ ಏನಾದೀತು, ನೌಕರಿ ಉಳಿದೀತೇ ಎಂದು ಕೇಳಿದರಂತೆ. ನಾನೂ ನನ್ನ ಗಂಡನೂ ಇನ್ನು ಬೇರೆಬೇರೆ ಹೋಗುವುದು ಹೇಗೆ ಎಂದು ಒಬ್ಬರೂ ಕೇಳಲಿಲ್ಲವಂತೆ. ನಮ್ಮಲ್ಲಿ ಬೇರೆ ಪ್ರಶ್ನೆಯೇ ಹುಟ್ಟಲಿಲ್ಲ. ಒಂದೇ ಕಂಬ ಉಳಿದರೆ ಕವಲು ಎಲ್ಲಿಂದ ಬರಬೇಕು? ಎರಡು ಕಂಬ ಇರುವಾಗಲೇ ಹೋಗಿಬರೋಣ ಎಂದು ಊರಿಗೆ ಊರೇ ಗುಡ್ಡ ಹತ್ತಿತು. ಮುಂದಿನ ವರ್ಷದ ಮದುವೆಗಳನ್ನು ಈ ತಿಂಗಳಿಗೆ ಎಳೆದುಕೊಂಡರು. ಹತ್ತು ವರ್ಷ ತವರಿನ ಮುಖ ನೋಡದವರಿಗೆ ಒಮ್ಮೆಲೇ ತವರಿನ ಮೇಲೆ ಮಮತೆ ಉಕ್ಕಿತು. ಸೀಟುಗಳು ಜಾತ್ರೆಯ ಮಂಡಕ್ಕಿಯಂತೆ ಖರ್ಚಾದವು.

ಇದೇ ಹೊತ್ತಿಗೆ ಮಸ್ಕತ್ತಿನಿಂದ ನಮ್ಮ ಒಬ್ಬಳೇ ಮಗಳು ದಾಕ್ಷಿಯ ಸುದ್ದಿ ಬಂತು. ಹನ್ನೆರಡು ವರ್ಷ ಕಾದ ಮೇಲೆ ಹೆಣ್ಣು ಕೂಸು. ನಮ್ಮ ಮನೆತನದಲ್ಲಿ ತೊಟ್ಟಿಲು ತವರಿನವರು ಒಯ್ಯಬೇಕು. ತಲೆಯ ಕಡೆ ಅಜ್ಜ, ಕಾಲಿನ ಕಡೆ ಅಜ್ಜಿ ಹಿಡಿದು, ಕೂಸನ್ನು ಕೆಳಗಿನಿಂದ ಒಮ್ಮೆ ಮೇಲಿನಿಂದ ಒಮ್ಮೆ ದಾಟಿಸಬೇಕು. ಒಬ್ಬರೇ ಹಿಡಿದ ತೊಟ್ಟಿಲು, ಒಬ್ಬರು ಸತ್ತ ಮನೆಯ ತೊಟ್ಟಿಲು. ನಾನು ಸೀಟು ಕೇಳಲು ಓಡಿದೆ.

ಗುಡ್ಡದ ಮೇಲೆ ಎರಡೂ ಕಂಪನಿಗೆ ಸೀಟು ಕಟ್ಟುವವಳು, ಅಂದರೆ ಹೆಸರು ಬರೆದು ಸೀಟು ಕಾಯ್ದಿಡುವವಳು, ಮಾಬೂಬಿ. ನಾನು ಎತ್ತಿ ಆಡಿಸಿದ ಹುಡುಗಿ. ಅವಳು ಹುಡುಕಿ ಹುಡುಕಿ, ತೊಟ್ಟಿಲ ದಿನದೊಳಗೆ ಮುಟ್ಟುವುದು ಎರಡೇ ಸೀಟು ಎಂದಳು. ಎರಡೂ ನೀಲಪಥದವು, ಒಂದೇ ತೇಲುಗೂಡು, ಅಕ್ಕಪಕ್ಕ. ಕಟ್ಟು ಎಂದು ನಾನು ಬಾಯಿ ತೆರೆಯುವ ಮೊದಲೇ ಕೈ ಹಿಂದಕ್ಕೆ ತೆಗೆದುಕೊಂಡಳು.

"ಅವ್ವಾರ, ಒಂದ ಮನಿ ಇಬ್ಬರನ್ನ ಒಂದ ಕಂಬಕ್ಕ ನಾ ಕಟ್ಟೂದಿಲ್ಲ. ನನ್ನ ಕೈಲೆ ಆಗೂದಿಲ್ಲ."

ಅವಳನ್ನು ಬೈಯಲು ನನಗೂ ಮನಸ್ಸಾಗಲಿಲ್ಲ. ಅವಳ ಅಜ್ಜಿಯೂ ನನ್ನ ತಾಯಿಯಂತೆ ಇನ್ನೊಂದು ಕಂಬದಲ್ಲಿದ್ದು ಉಳಿದವಳು. ದಾಕ್ಷಿಗೆ ಸಂಗತಿ ತಿಳಿಸಿದೆವು. ಅವಳ ಮಾತು ಆ ಮಧ್ಯಾಹ್ನವೇ ತಂತಿಯಲ್ಲಿ ಬಂತು. ಯಾರಾದರೂ ಒಬ್ಬರು ಬರ್ರಿ, ತೊಟ್ಟಿಲು ನೆರೆಮನೆಯವರು ಹಿಡಿಯುತ್ತಾರೆ, ಇಬ್ಬರೂ ಇಲ್ಲದಂತೆ ಮಾತ್ರ ಮಾಡಬೇಡ್ರಿ ಎಂದು ಅತ್ತಳು. ಬಾಣಂತಿಯನ್ನು ಅಳಿಸಿದೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಎರಡು ದಿನ ಮನೆಯಲ್ಲಿ ನಾನು ಹೋಗ್ರಿ ಅನ್ನುವುದು, ಅವರು ನೀ ಹೋಗು ಅನ್ನುವುದು. ಮೂರನೆಯ ದಿನ ನಾನು ಅವರ ಚೀಲ ತುಂಬತೊಡಗಿದೆ. ಅವರು ಒಂದೊಂದೇ ಅಂಗಿ ತೆಗೆದು ಮತ್ತೆ ಗೂಟಕ್ಕೆ ಹಾಕಿದರು. ಆಮೇಲೆ ನನ್ನ ಕೈ ಹಿಡಿದು ಕೂರಿಸಿದರು.

"ನಿಂಬಿ, ಒಂದ ಮಾತ ಹೇಳತೀನಿ, ಸಿಟ್ಟಾಗಬ್ಯಾಡ. ಎದರಾ ಎದರಾ ಆದಾಗ ನಾ ಕೈ ಬೀಸತಿದ್ದೆ ನೋಡು, ನಿನ್ನ ಕಿಟಕಿ ಯಾವದಂತ ನನಗ ಒಮ್ಮೆನೂ ಗೊತ್ತಾಗಿಲ್ಲ. ಇಡೀ ಗೂಡಿಗೇ ಬೀಸೀನಿ. ಕಂಪನಿ ಒಂದಾಗೂ ಈ ಸುದ್ದಿ ಖರೇ ಆಗಲಿ ಅಂತ ನಾ ಒಳಗೊಳಗ ದೇವರಿಗೆ ಬೇಡಕೊಂಡೀನಿ."

ನನಗೆ ನಗು ಬಂತು, ಆಮೇಲೆ ಅಳು ಬಂತು. ನನಗೂ ಗೊತ್ತಾಗಿರಲಿಲ್ಲವಲ್ಲ! ಹಳದಿ ವಲ್ಲಿ ಹೊದ್ದವರು ಕಂಡರೆ ಇವರೇ ಎಂದುಕೊಂಡು ಬೀಸುತ್ತಿದ್ದೆ, ಹಳದಿ ವಲ್ಲಿ ಹೊದ್ದವರು ಪ್ರತಿ ಸಲವೂ ಏಳೆಂಟು ಜನ. ಇಷ್ಟು ವರ್ಷ ಯಾರ ಗಂಡಂದಿರಿಗೆ ಕೈ ಬೀಸಿದೆನೋ ಶಿವನೇ ಬಲ್ಲ. ಅರಬ್ಬಿ ಸಮುದ್ರದ ಮೇಲೆ ಸೂರ್ಯ ಮುಳುಗುವಾಗ ನೀರೆಲ್ಲ ತಾಮ್ರದ ಕೊಪ್ಪರಿಗೆಯಾಗುತ್ತದೆ. ಅವರು ನೋಡಿದ್ದಾರೆ, ನಾನೂ ನೋಡಿದ್ದೇನೆ. ಮನೆಗೆ ಬಂದು ಒಬ್ಬರಿಗೊಬ್ಬರು ಹೇಳಿದ್ದೇವೆ, ಹೇಳಿದ್ದರಲ್ಲಿ ಅದು ಅರ್ಧವೂ ಇರುವುದಿಲ್ಲ.

ಅಂದು ನನ್ನ ತಾಯಿಯನ್ನು ಬಹಳ ನೆನೆದೆ. ನೀನು ಪುಣ್ಯವಂತೆ, ಉಳಿದೆ ಎಂದು ಊರೆಲ್ಲ ಅವಳಿಗೆ ಹೇಳುತ್ತಿತ್ತು. ಉಳಿಯುವುದು ದೊಡ್ಡದು, ಅದರಿಂದಲೇ ನಾನು, ದಾಕ್ಷಿ, ಈಗ ಆ ಕೂಸು. ಆದರೆ ನಮ್ಮಲ್ಲಿ ಎಲ್ಲರೂ ಉಳಿಯುವುದನ್ನೇ ಕಲಿತೆವು, ಪಕ್ಕದಲ್ಲಿ ಕೂರುವುದನ್ನು ಯಾರೂ ಕಲಿಯಲಿಲ್ಲ. ನಾವಿಬ್ಬರೂ ಹೋದರೂ ತಬ್ಬಲಿಯಾಗುವ ಚಿಕ್ಕ ಮಕ್ಕಳು ಈಗ ಮನೆಯಲ್ಲಿಲ್ಲ. ದಾಕ್ಷಿಗೆ ದೊಡ್ಡ ಭಯ ಹೊರಿಸುತ್ತಿದ್ದೇನೆ ಎಂದು ಗೊತ್ತಿದ್ದೇ ಅವಳಿಗೆ ಹೇಳಿಕಳಿಸಿದೆ: ಇಬ್ಬರೂ ಬರುತ್ತೇವೆ, ತೊಟ್ಟಿಲಿನ ಎರಡೂ ಕಡೆ ನಾವೇ ಹಿಡಿಯುತ್ತೇವೆ. ಆಮೇಲೆ ಮಾಬೂಬಿಯ ಮುಂದೆ ಹೋಗಿ ನಿಂತೆ. ನಮ್ಮ ಮನೆಯವರು ಹೇಳಿದ್ದನ್ನೆಲ್ಲ ಅವಳಿಗೂ ಹೇಳಿದೆ. ಕೊನೆಗೆ ಅವಳು ನಮ್ಮಿಬ್ಬರ ಹೆಸರೂ ಒಂದರ ಪಕ್ಕ ಒಂದು ಕಟ್ಟಿದಳು. ಮೇಲೆ ಹೋಗಿ ಜಗಳ ಆಡಬ್ಯಾಡ್ರಿ, ಇಳಿಸುವವರು ಯಾರೂ ಇರುವುದಿಲ್ಲ ಎಂದು ನನ್ನನ್ನೇ ಚುಡಾಯಿಸಿ ಕಣ್ಣು ಒರೆಸಿಕೊಂಡಳು.

ದಾಕ್ಷಿಯ ಉತ್ತರ ಇಂದು ಬೆಳಿಗ್ಗೆ ಬಂತು.

"ಬರ್ರಿ. ಇಬ್ಬರೂ ಬರ್ರಿ. ಕೈ ಬಿಡಬ್ಯಾಡ್ರಿ."

ಈಗ ಕಂಬದ ಬುಡದಲ್ಲಿ ಕುಳಿತು ಇದನ್ನು ಬರೆಯುತ್ತಿದ್ದೇನೆ. ಮೇಲೆ ತೇಲುಗೂಡು ಬಿಸಿಲಿಗೆ ಹೊಟ್ಟೆ ಉಬ್ಬಿಸಿಕೊಂಡು ನಿಂತಿದೆ. ಎಷ್ಟೋ ಸಲ ಹತ್ತಿದ್ದೇನೆ, ಇಷ್ಟು ದೊಡ್ಡದಾಗಿ ಎಂದೂ ಕಂಡಿರಲಿಲ್ಲ. ಹೆದರಿಕೆ ಇಲ್ಲ ಎಂದರೆ ಸುಳ್ಳಾಗುತ್ತದೆ. ಕಂಪನಿಗಳು ಒಂದಾಗುತ್ತವೋ ಇಲ್ಲವೋ ಇಂದಿಗೂ ಯಾರಿಗೂ ಗೊತ್ತಿಲ್ಲ. ಆಗುವುದಿದ್ದರೆ ಆಗಲಿ, ಕಂಬವನ್ನು ಮಾತ್ರ ಗಟ್ಟಿಯಾಗಿ ನೆಡಲಿ. ನಿಮ್ಮಲ್ಲಿ ನನ್ನದು ಒಂದೇ ಬೇಡಿಕೆ. ಇನ್ನೊಮ್ಮೆ ವಿಮಾನ ಹತ್ತಿದಾಗ ನಿಮ್ಮ ಯಜಮಾನರು ಪಕ್ಕದಲ್ಲಿ ಬಾಯಿ ತೆರೆದು ಮಲಗಿದರೆ ಎಬ್ಬಿಸಿ. ಕಿಟಕಿಯಾಚೆ ಇರುವುದನ್ನು ಇಬ್ಬರೂ ಒಂದೇ ಹೊತ್ತಿಗೆ ನೋಡಿ. ಅದು ಎಷ್ಟು ದೊಡ್ಡದು ಎಂದು ನಿಮಗೆ ಯಾರೂ ಹೇಳಿರಲಿಕ್ಕಿಲ್ಲ.

ಗಂಟೆ ಹೊಡೆದರು. ನಮ್ಮ ಮನೆಯವರು ತೊಟ್ಟಿಲು ಹೆಗಲ ಮೇಲೆ ಹೊತ್ತು ಏಣಿ ಹತ್ತಿ, ನಾನು ಬರುವವರೆಗೂ ಒಳಗೆ ಹೋಗುವುದಿಲ್ಲ ಎಂದು ಬಾಗಿಲಿಗೆ ಅಡ್ಡ ನಿಂತಿದ್ದಾರೆ. ಹಿಂದಿನವರು ಬೈಯುತ್ತಿದ್ದಾರೆ, ಇವರು ಜಗ್ಗುತ್ತಿಲ್ಲ. ಹೋಗುತ್ತೇನೆ.

ನಿಮ್ಮ ಬಳ್ಳಿಯ
ನಿಂಬೆವ್ವ