ನಾಲ್ಕನೇ ಲೇತಿನ ಎಣ್ಣೆ ತೂತು

ಐ.ಟಿ.ಐ. ಹಾಸ್ಟೆಲ್, ದೇವನಹಳ್ಳಿ
23-11-2008, ಭಾನುವಾರ

ಪ್ರೀತಿಯ ಮೂರ್ತಿ,

ಕೈ ನೋವು ಕಡಿಮೆಯಾಗಿದೆಯೇ? ನೀನು ಊರಿಗೆ, ಕುಂದಾಣಕ್ಕೆ ಹೋಗಿ ಹದಿನೆಂಟು ದಿನವಾಯಿತು. ಮೂರು ಸಲ ಬರೆಯಲು ಕೂತು, 'ಹೌ ಆರ್ ಯೂ' ಎಂದು ಬರೆದು ಹರಿದೆ. ಎರಡು ಬೆರಳು ಹೋದವನನ್ನು ಹಾಗೆ ಕೇಳುವುದು ಸರಿ ಕಾಣಲಿಲ್ಲ. ಸಾರಿ ಕಣೋ.

ನಿನ್ನ ಮಂಚವನ್ನು ಬೇರೆಯವರಿಗೆ ಕೊಡುತ್ತೇನೆ ಎಂದರು ವಾರ್ಡನ್. ಅದರ ಮೇಲೆ ನನ್ನ ಟ್ರಂಕ್ ಇಟ್ಟುಬಿಟ್ಟಿದ್ದೇನೆ. ನಾಳೆ ಹತ್ತು ಗಂಟೆಗೆ ಎನ್‌ಕ್ವೈರಿ. ರಿಪೋರ್ಟಿನಲ್ಲಿ 'ವಿದ್ಯಾರ್ಥಿಯ ಅಜಾಗರೂಕತೆ' ಎಂದು ಬರೆಯುತ್ತಾರಂತೆ. ಹಾಗೆ ಬರೆದರೆ ನಿನ್ನನ್ನು ಮತ್ತೆ ಸೇರಿಸಿಕೊಳ್ಳುವುದಿಲ್ಲ. ಏರ್‌ಪೋರ್ಟಿನ ವರ್ಕ್‌ಶಾಪ್ ಕೆಲಸದ ಮಾತೂ ಅಲ್ಲಿಗೇ ಮುಗಿಯಿತು.

ಶುಕ್ರವಾರ ನಮ್ಮ ಸಂಜೀವಪ್ಪ ಸರ್ ನೀನು ಕೆಲಸ ಮಾಡುತ್ತಿದ್ದ ನಾಲ್ಕನೇ ಲೇತ್ ಮೆಷಿನ್ ಬಿಚ್ಚಿಸಿದರು. "ಬೆಲ್ಟ್ ಯಾಕೆ ಜಾರ್ತಿತ್ತು ಅಂತ ಒಬ್ನೂ ಕೇಳ್ಲಿಲ್ವಲ್ರೋ. ದಿನಾ ಬಿಗಿ ಮಾಡ್ಕೊಂಡು ಕೂತ್ರಿ" ಎಂದರು. ಯಾವುದರಿಂದ ಯಾವುದಾಯಿತು ಎಂದು ನಾನು ನೋಟ್‌ಬುಕ್ಕಿನ ಹಿಂದೆ ಬಾಣ ಹಾಕಿ ಬರೆದೆ. ಬೇರಿಂಗಿಗೆ ಎಣ್ಣೆ ಇಳಿದಿಲ್ಲ, ಅದಕ್ಕೆ ಕಾದು ಹಿಡಿದುಕೊಂಡಿತು. ಅದಕ್ಕೆ ಬೆಲ್ಟ್ ಜಾರಿತು, ನಾವು ಬಿಗಿ ಮಾಡಿದೆವು. ಬಿಗಿ ಮಾಡಿದಷ್ಟೂ ಬೇರಿಂಗ್ ಇನ್ನೂ ಕಾಯಿತು. ದಿನಾ ಯಾರು ಬಿಚ್ಚುತ್ತಾರೆ ಎಂದು ಬೆಲ್ಟಿನ ಕವರ್ ತೆಗೆದೇ ಇಟ್ಟೆವು. ಬಾಣಗಳು ಸುತ್ತಿ ಸುತ್ತಿ ಅಲ್ಲಿಗೇ ಬರುತ್ತವೆ. ಆ ಸುತ್ತಿಗೇ ನಿನ್ನ ಕೈ ಸಿಕ್ಕಿದ್ದು. ನಿನ್ನ ಅಜಾಗರೂಕತೆ ಅದರಲ್ಲಿ ಎಲ್ಲೂ ಇಲ್ಲ.

ಸರ್‌ಗೆ ತೋರಿಸಿದೆ. ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು.

"ಸರಿಯಾಗಿದೆ. ಎಣ್ಣೆ ಯಾಕೆ ಇಳೀಲಿಲ್ಲ? ದಿನಾ ಬಿಟ್ಟಿದೀವಿ ಅಂತ ಮೆಷಿನ್ ಕಾರ್ಡಲ್ಲಿ ಟಿಕ್ ಇದೆಯಲ್ಲಪ್ಪಾ."

ಗೊತ್ತಿಲ್ಲ ಸರ್ ಎಂದೆ. ಮೊದಲನೇ ಬಾಣ ಇಲ್ಲದೆ ಇದನ್ನು ಪ್ರಿನ್ಸಿಪಾಲರು ಒಪ್ಪುವುದಿಲ್ಲ ಎಂದರು.

ನಿಮ್ಮಮ್ಮ ಮುನಿಗಂಗಮ್ಮನವರಿಗೆ ನನ್ನ ನಮಸ್ಕಾರ ಹೇಳು. ಗಾಯ ಬೇಗ ಒಣಗಲಿ. ನಿನಗೆ ಒಳ್ಳೆಯದಾಗಲಿ.

ನಿನ್ನ,
ದೇವರಾಜ್

ವಿ.ಸೂ.: ಆಯುಧಪೂಜೆಯ ಹಿಂದಿನ ದಿನ ಲೇತ್‌ಗಳಿಗೆಲ್ಲ ಹಸಿರು ಪೇಂಟ್ ಬಳಿದೆವಲ್ಲ, ನಾಲ್ಕನೆಯದು ನನ್ನ ಪಾಲಿಗೆ ಬಂದಿತ್ತು. ಎಣ್ಣೆ ತೂತಿಗೆ ಬಟ್ಟೆ ತುರುಕದೆ ಅದರ ಮೇಲೇ ಬಳಿದೆ, ಎರಡು ಕೋಟ್. "ಏನ್ ಗುರು, ಮದುವಣಗಿತ್ತಿ ಥರ ಮಾಡ್ಬಿಟ್ಟಿದೀಯ" ಎಂದು ನೀನೇ ನಕ್ಕಿದ್ದೆ. ಆಮೇಲೆ ಬಿಟ್ಟ ಎಣ್ಣೆಯೆಲ್ಲ ಒಳಗೆ ಇಳಿಯದೆ ಹೊರಗೇ ಸುರಿಯಿತು. ತುಂಬಿ ಹರಿಯುತ್ತಿದೆ ಎಂದುಕೊಂಡು ಒರೆಸಿದವನೂ ಟಿಕ್ ಹಾಕಿದವನೂ ನಾನೇ. ಈ ಪತ್ರ ನಿನ್ನ ಕೈ ಸೇರುವ ಹೊತ್ತಿಗೆ ಎನ್‌ಕ್ವೈರಿ ಮುಗಿದಿರುತ್ತದೆ. ಮೊದಲನೇ ಬಾಣ ಬರೆದಿದ್ದೇನೆ ಮೂರ್ತಿ. ಉಳಿದವು ಪೆನ್ನಿನಲ್ಲಿ, ಇದೊಂದು ಪೆನ್ಸಿಲಿನಲ್ಲಿ.